ಕೀಲೆಣ್ಣೆ ಬೇಡುವ ಕಲೆ

ಕಲೆಯನ್ನು ಉಳಿಸಿಕೊಳ್ಳಲು ಮನುಷ್ಯ ಕಂಡುಕೊಂಡ ಉಪಾಯಗಳಲ್ಲಿ ಬಹಳ ಹಳೆಯದು ಅದನ್ನು ಅಲುಗಾಡಿಸದೆ ಇಡುವುದು. ಕಲ್ಲಿನ ಮೂರ್ತಿ, ತಾಮ್ರಪಟ, ತಾಳೆಗರಿ, ತೈಲಚಿತ್ರ ಇವೆಲ್ಲ ಮುಟ್ಟುವವರು ಇಲ್ಲದಷ್ಟೂ ಹೆಚ್ಚು ಕಾಲ ಬಾಳುತ್ತವೆ. ವಸ್ತುಸಂಗ್ರಹಾಲಯ ಎಂದೊಡನೆ ಗಾಜಿನ ಪೆಟ್ಟಿಗೆ, ‘ಮುಟ್ಟಬಾರದು’ ಎಂಬ ಫಲಕ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡ ಕಾವಲುಗಾರ ನೆನಪಾಗುವುದು ಇದೇ ಕಾರಣಕ್ಕೆ. ಆದರೆ ಅಲುಗಾಟವೇ ಜೀವಾಳವಾದ ಕಲೆಯೂ ಇದೆ. ಕೈನೆಟಿಕ್ ಆರ್ಟ್ ಎಂದು ಹೆಸರಾದ ಆ ಪ್ರಕಾರವನ್ನು ಇವತ್ತಿನ ಮಟ್ಟಿಗೆ ಚಲನಕಲೆ ಎಂದು ಕರೆಯೋಣ. ಅದಕ್ಕೇ ಮೀಸಲಾದ ಸಂಗ್ರಹಾಲಯಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜ್ಯಾಂ ಟಾಂಗ್ಲಿ ಎಂಬ ಶಿಲ್ಪಿಯ ಯಂತ್ರಗಳಿಗಾಗಿ 1996ರಲ್ಲಿ ತೆರೆದದ್ದು ದೊಡ್ಡದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರುವ ಶರ್ಮಾಂಕಾ ಚಿಕ್ಕದು. ರಷ್ಯಾದಿಂದ ಬಂದ ಎಡ್ವರ್ಡ್ ಬೆರ್ಸುದ್‌ಸ್ಕಿ ಕೆತ್ತಿದ ಮರದ ಗೊಂಬೆಗಳೂ ಗುಜರಿ ಕಬ್ಬಿಣವೂ ಕೂಡಿದ ಯಂತ್ರಗಳು ಅಲ್ಲಿ ಬೆಳಕು, ಸಂಗೀತಗಳೊಡನೆ ಸರದಿಯ ಪ್ರಕಾರ ಆಡುತ್ತವೆ. ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಇಂಥ ಹೆಸರು ಹೊತ್ತ ಕಟ್ಟಡವಿಲ್ಲ. ಆದರೂ ಚಲಿಸುವ ವಸ್ತುವನ್ನು ಚಲಿಸುತ್ತಲೇ ಉಳಿಸಿಕೊಳ್ಳುವ ಬಗೆಯನ್ನು ಕಲಿಯಬೇಕೆಂದರೆ ಬಾಸೆಲ್ಲಿಗಿಂತ ಮೊದಲು ಈ ನಾಲ್ಕು ತಾಲ್ಲೂಕುಗಳನ್ನು ನೋಡಬೇಕು ಎಂಬುದು ನನ್ನ ವಾದ. ಸವೆಯುವುದು ಯಾವುದು, ಉಳಿಯಬೇಕಾದದ್ದು ಯಾವುದು ಎಂದು ಬಿಡಿಸಿ ನೋಡುವ ಒಂದು ರೂಢಿ ಇಲ್ಲಿದೆ. ಮುಂದೆ ಯಾರಾದರೂ ಇಲ್ಲಿ ಚಲನಕಲೆಯ ಚಿಕ್ಕ ಸಂಗ್ರಹಾಲಯ ಕಟ್ಟುವುದಾದರೆ ಅವರು ಆ ರೂಢಿಯ ಮೇಲೆ ಕಟ್ಟಬೇಕು.

ಮೊದಲು ಚಲನಕಲೆ ಎಂದರೆ ಏನು ಎಂಬುದನ್ನು ಗಟ್ಟಿಮಾಡಿಕೊಳ್ಳಬೇಕು. ಓಡುವ ಕುದುರೆಯನ್ನು ಕಲ್ಲಿನಲ್ಲಿ ಕಡೆದರೆ ಸಿಗುವುದು ಓಟದ ಚಿತ್ರ. ಮುಂಡಗೋಡದ ನೆರೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪಿಸಿ ಕಟ್ಟಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕೆಲ್ಲ ಅಲ್ಲಿ ಆಳೆತ್ತರದ ಸಿಮೆಂಟಿನ ಮೂರ್ತಿಗಳಾಗಿ ನಿಂತಿದೆ. ದನಕರು, ದುಡಿಯುವ ಕೈಗಳು, ಮನೆಯಂಗಳದ ಮಾತುಕತೆ ಎಲ್ಲವೂ ನಿಜವೇ ಎಂದು ಬೆರಗಾಗುವಷ್ಟು ಹೋಲುತ್ತವೆ. ಅದು ತನ್ನ ರೀತಿಯಲ್ಲಿ ಸೊಗಸಾದ ಕೆಲಸ. ಆದರೆ ಅಲ್ಲಿ ಚಲನೆ ನೋಡುವವರ ಕಲ್ಪನೆಯಲ್ಲಿ ನಡೆಯುತ್ತದೆ, ಸಿಮೆಂಟಿನಲ್ಲಿ ನಡೆಯುವುದಿಲ್ಲ. ಇದಕ್ಕೆ ಎದುರಾಗಿ, ರಷ್ಯಾದ ಶಿಲ್ಪಿ ನೌಮ್ ಗಾಬೊ 1919–20ರಲ್ಲಿ ಮಾಸ್ಕೋದಲ್ಲಿ ಮಾಡಿದ ಒಂದು ಕೃತಿಯನ್ನು ಇಟ್ಟು ನೋಡಿ. ಅಂತರ್ಯುದ್ಧದ ಕಾಲ, ಯಾವ ಸಾಮಾನೂ ಸಿಗದ ಕಾಲ. ಹಳೆಯ ವಿದ್ಯುತ್ ಕರೆಗಂಟೆಯ ಒಳಗಿನ ಸಾಧನವನ್ನೇ ಬಳಸಿಕೊಂಡು ಆತ ಒಂದು ತೆಳು ಉಕ್ಕಿನ ಸರಳನ್ನು ನೆಟ್ಟಗೆ ನಿಲ್ಲಿಸಿದ. ವಿದ್ಯುತ್ ಹರಿಯದಿದ್ದಾಗ ಅದು ಬರೀ ಒಂದು ಕಡ್ಡಿ, ಅದನ್ನು ಕಲೆ ಎಂದು ಯಾರೂ ಒಪ್ಪುವುದಿಲ್ಲ. ಗುಂಡಿ ಒತ್ತಿದರೆ ಸರಳು ಎಷ್ಟು ವೇಗವಾಗಿ ನಡುಗುತ್ತದೆಂದರೆ ಗಾಳಿಯಲ್ಲಿ ಒಂದು ಪಾರದರ್ಶಕ ಹೂಜಿಯ ಆಕಾರ ಮೂಡುತ್ತದೆ. ಗುಂಡಿ ಬಿಟ್ಟರೆ ಹೂಜಿಯೂ ಇಲ್ಲ. ಹಾಗಾದರೆ ಈ ಶಿಲ್ಪದ ಆಕಾರ ಇರುವುದೆಲ್ಲಿ? ಉಕ್ಕಿನಲ್ಲಿಲ್ಲ, ಉಕ್ಕಿನ ನಡುಕದಲ್ಲಿದೆ. ಇದನ್ನು ಒಪ್ಪಿಕೊಂಡ ಮೇಲೆ ಇನ್ನೊಂದನ್ನೂ ಒಪ್ಪಿಕೊಳ್ಳಲೇಬೇಕು: ಇಂಥ ಕೃತಿಯನ್ನು ನಿಲ್ಲಿಸಿ ಗಾಜಿನೊಳಗಿಟ್ಟರೆ ಉಳಿಸಿದಂತಾಗುವುದು ಕಡ್ಡಿಯನ್ನು ಮಾತ್ರ.

ನಿಲ್ಲಿಸಿ ಉಳಿಸುವ ಪದ್ಧತಿಯ ಬಲುದೊಡ್ಡ ಉದಾಹರಣೆ ಕರ್ನಾಟಕದ್ದೇ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ತಯಾರಾದ ಮರದ ಹುಲಿ, ಸುಮಾರು ಆರಡಿ ಉದ್ದದ್ದು, ಕೆಳಗೆ ಬಿದ್ದ ಐರೋಪ್ಯನೊಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಉಬ್ಬಿ ಕುಗ್ಗಿ, ಬಿದ್ದವನ ಕೈ ಏಳುತ್ತದೆ, ಇಳಿಯುತ್ತದೆ. ಅವನ ಗಂಟಲಿನಿಂದ ನರಳಾಟ, ಹುಲಿಯ ಗಂಟಲಿನಿಂದ ಗುರುಗುಟ್ಟುವಿಕೆ ಹೊರಡುತ್ತದೆ. ಹುಲಿಯ ಹೊಟ್ಟೆಯ ಪಕ್ಕದ ಬಾಗಿಲು ತೆರೆದರೆ ದಂತದ ಮಣೆಗಳುಳ್ಳ ಒಂದು ಪುಟ್ಟ ಆರ್ಗನ್ನೂ ಇದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಅದು ಲಂಡನ್ನಿಗೆ ಹೋಯಿತು, 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕೆ ನಿಂತಿತು. ಅಲ್ಲಿ ಬಂದವರೆಲ್ಲ ಹಿಡಿಕೆ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಓದಲು ಕೂತ ವಿದ್ವಾಂಸರಿಗೆ ಆ ಗುರುಗುಟ್ಟುವಿಕೆಯ ಕಾಟ ತಡೆಯಲಾಗದೆ ದೂರುಗಳಾದವು. ಮುಂದೆ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಸೇರಿತು, ಎರಡನೆಯ ಮಹಾಯುದ್ಧದಲ್ಲಿ ಮೇಲ್ಛಾವಣಿ ಕುಸಿದು ಚೂರುಚೂರಾಗಿ, ಮತ್ತೆ ಜೋಡಿಸಲಾಯಿತು. ಈಗ ಅದು ಗಾಜಿನೊಳಗಿದೆ. ಲಕ್ಷಾಂತರ ಜನ ಅದನ್ನು ನೋಡುತ್ತಾರೆ, ಕೇಳಿದವರು ಕಡಿಮೆ. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ವಸ್ತುವಿನ ಕೌಶಲ ಇರುವುದು ಕೈ, ತಿದಿ, ಕೊಳವೆ, ಕೂಗು ಇವು ಒಂದೇ ಹಿಡಿಕೆಯ ತಿರುವಿಗೆ ಕಟ್ಟುಬಿದ್ದಿರುವುದರಲ್ಲಿ. ಬಣ್ಣ ಬಳಿದ ಮರದ ಹುಲಿಯಾಗಿ ನೋಡಿದರೆ ಅದು ಸಾಧಾರಣ ಕೆತ್ತನೆ.

ಹೊರದೇಶದವರನ್ನು ದೂರಿ ಸುಮ್ಮನಾಗುವಂತಿಲ್ಲ, ನಾವೂ ಇದನ್ನೇ ಮಾಡುತ್ತೇವೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಒಳ್ಳೆಯ ಸಂಗ್ರಹವಿದೆ. ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾವ್ ಅವರ ಶ್ರಮವಿಲ್ಲದಿದ್ದರೆ ಎಷ್ಟೋ ಗೊಂಬೆಗಳು ಹೇಳಹೆಸರಿಲ್ಲದೆ ಹೋಗುತ್ತಿದ್ದವು. ಆ ಉಪಕಾರವನ್ನು ಮರೆಯದೆಯೇ ಒಂದು ಮಾತು ಹೇಳಬೇಕು. ಗೋಡೆಗೆ ಹತ್ತಿದ ತೊಗಲುಗೊಂಬೆ ಚಿತ್ರವಾಗಿಬಿಡುತ್ತದೆ. ನಾವು ಅದರ ಗೆರೆ, ಬಣ್ಣ, ಕಿರೀಟದ ತೂತುಗಳ ನೇಯ್ಗೆ ನೋಡುತ್ತೇವೆ. ಭುಜ ಮತ್ತು ಮೊಣಕೈಯ ಹತ್ತಿರ ಎರಡು ತೊಗಲುಗಳನ್ನು ದಾರದ ಗಂಟಿನಿಂದ ಕೂಡಿಸಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಆಡಿಸುವವನಿಗೆ ಮುಖ್ಯವಾದದ್ದು ಆ ಗಂಟು. ಬಿಗಿಯಾದರೆ ಕೈ ಮರಗಟ್ಟುತ್ತದೆ, ಸಡಿಲಾದರೆ ಜೋತುಬೀಳುತ್ತದೆ. ಹದವಾಗಿದ್ದರೆ ಪರದೆಯ ಮೇಲೆ ದುರ್ಯೋಧನ ತೊಡೆ ತಟ್ಟುತ್ತಾನೆ. ಗೊಂಬೆಯ ಕಲೆಯಲ್ಲಿ ಅರ್ಧಭಾಗ ಗಂಟಿನ ಹದ, ಹಿಂದಿನ ದೀಪದ ಅಲುಗಾಟ. ಗೋಡೆಯ ಮೇಲೆ ಅದೆರಡೂ ಇಲ್ಲ. ಗಾಳಿಗೆ ತೂಗುವ ಶಿಲ್ಪಗಳಿಂದ ಹೆಸರಾದ ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್‌ನ ಪಾಡೂ ಹೀಗೇ ಆಗಿದೆ. 1955ರಲ್ಲಿ ಗೀರಾ ಸಾರಾಭಾಯಿ ಅವರ ಕರೆಯ ಮೇಲೆ ಅಹಮದಾಬಾದಿಗೆ ಬಂದು ಆತ ಇಲ್ಲಿಯೇ ಕೆಲವು ಶಿಲ್ಪಗಳನ್ನು ಮಾಡಿದ್ದ. ಆ ತೂಗುಶಿಲ್ಪಗಳಿಗೆ ಎಣ್ಣೆಯೂ ಬೇಡ, ಮೋಟಾರೂ ಬೇಡ, ಒಂದಿಷ್ಟು ಗಾಳಿ ಸಾಕು. ಕಿಟಕಿ ಮುಚ್ಚಿದ ಕೋಣೆಗಳಲ್ಲಿ ಆ ಗಾಳಿಗೂ ಬರ ಬಂದು ಅವು ಸುಮ್ಮನೆ ಜೋತುಬಿದ್ದಿರುತ್ತವೆ.

ಈಗ ಮುಂಡಗೋಡಕ್ಕೆ ಬರೋಣ. ಹುಬ್ಬಳ್ಳಿಯಿಂದ ಬಸ್ಸು ಹತ್ತಿದವರಿಗೆ ಗೋವಿನಜೋಳದ ಹೊಲಗಳ ನಡುವೆ ಲಾಮಾ ಕ್ಯಾಂಪುಗಳು ಕಾಣಿಸಿಕೊಳ್ಳುತ್ತವೆ. 1966ರಲ್ಲಿ ಇಲ್ಲಿ ಟಿಬೆಟಿಯನ್ ನಿರಾಶ್ರಿತರ ನೆಲೆ ಆರಂಭವಾಯಿತು. ಬಂಗಾಳದ ಬಕ್ಸಾದ ಶಿಬಿರದಲ್ಲಿದ್ದ ಭಿಕ್ಷುಗಳು 1969ರಲ್ಲಿ ಬಂದು, ಟಿಬೆಟಿನಲ್ಲಿ 1409ರಲ್ಲಿ ಸ್ಥಾಪನೆಯಾಗಿದ್ದ ಗಾಂಡೆನ್ ಮಠವನ್ನೂ 1416ರ ಡ್ರೆಪುಂಗ್ ಮಠವನ್ನೂ ಇಲ್ಲಿ ಮತ್ತೆ ಕಟ್ಟಿದರು. ಈ ಕ್ಯಾಂಪುಗಳಲ್ಲಿ ಮಣಿಚಕ್ರಗಳಿವೆ. ಪ್ರದಕ್ಷಿಣೆಯ ದಾರಿಯ ಬದಿಗೆ ಸಾಲಾಗಿ ನಿಲ್ಲಿಸುವ ಲೋಹದ ಉರುಳೆಗಳು, ಆಳಿಗಿಂತ ಎತ್ತರದ ಒಂಟಿ ಚಕ್ರಗಳು, ಮುದುಕರು ಕೈಯಲ್ಲಿ ಹಿಡಿದು ತಿರುಗಿಸುವ ಪುಟ್ಟವು. ಒಳಗೆ ಓಂ ಮಣಿ ಪದ್ಮೇ ಹೂಂ ಎಂಬ ಮಂತ್ರವನ್ನು ಸಾವಿರಾರು ಸಲ ಅಚ್ಚು ಮಾಡಿದ ಕಾಗದದ ಸುರುಳಿ, ನಡುವೆ ಒಂದು ಅಚ್ಚು. ಕೈಚಕ್ರವನ್ನು ಹತ್ತಿರದಿಂದ ನೋಡಿದರೆ ಉರುಳೆಯ ಪಕ್ಕಕ್ಕೆ ಒಂದು ಸಣ್ಣ ಸರಪಳಿ, ಅದರ ತುದಿಗೆ ಒಂದು ಗುಂಡು ಕಾಣುತ್ತದೆ. ಅದನ್ನು ಅಲಂಕಾರ ಎಂದುಕೊಳ್ಳುವವರೇ ಹೆಚ್ಚು. ಮಣಿಕಟ್ಟಿನ ಒಂದು ಸಣ್ಣ ಅಲುಗಾಟದಿಂದ ಗುಂಡು ಹೊರಕ್ಕೆ ಹಾರಿ ಸುತ್ತತೊಡಗಿದರೆ ಉರುಳೆಯ ವೇಗವನ್ನು ಅದೇ ಕಾದುಕೊಂಡು ಹೋಗುತ್ತದೆ. ಕೈ ಬಹುಮಟ್ಟಿಗೆ ಸುಮ್ಮನಿದ್ದರೂ ಚಕ್ರ ನಿಲ್ಲುವುದಿಲ್ಲ. ದಿನವಿಡೀ ಮಾತನಾಡುತ್ತ, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತ ಅದನ್ನು ತಿರುಗಿಸಲು ಸಾಧ್ಯವಾಗುವುದು ಆ ಗುಂಡಿನ ದೆಸೆಯಿಂದ. ದೊಡ್ಡ ಚಕ್ರದ ನಡತೆ ಬೇರೆ. ಮೊದಲ ಎಳೆತಕ್ಕೆ ಅದು ಬಗ್ಗುವುದಿಲ್ಲ, ಎರಡನೆಯದಕ್ಕೆ ಹೊರಡುತ್ತದೆ, ಆಮೇಲೆ ತನ್ನ ಭಾರದಿಂದ ತಾನೇ ಉರುಳುತ್ತದೆ, ಹಿಂದೆ ಬರುವವರಿಗೆ ಬರೀ ಬೆರಳು ತಾಗಿಸುವ ಕೆಲಸ. ನೀರಿನ ಹರಿವಿಗೆ ತಿರುಗುವ, ಗಾಳಿಗೆ ತಿರುಗುವ, ದೀಪದ ಬಿಸಿಗಾಳಿ ಮೇಲೇರುವಾಗ ತಿರುಗುವ ಮಣಿಚಕ್ರಗಳನ್ನೂ ಟಿಬೆಟಿಯನ್ನರು ಬಲ್ಲರು. ಚಲನೆಗೆ ಬೇಕಾದ ಶಕ್ತಿಯ ಮೂಲಗಳನ್ನು ಒಂದೊಂದಾಗಿ ಎಣಿಸುತ್ತ ಹೋದಂತಿದೆ ಆ ಪಟ್ಟಿ. ಇಪ್ಪತ್ತನೆಯ ಶತಮಾನದ ಐರೋಪ್ಯ ಶಿಲ್ಪಿಗಳು ಹೊಸದೆಂದು ಹಿಡಿದ ಎಷ್ಟೋ ದಾರಿಗಳು ಅದರಲ್ಲಿವೆ.

ಇಲ್ಲಿಗೆ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಮಣಿಚಕ್ರ ಪೂಜೆಯ ಸಾಧನ, ಅದನ್ನು ಕಲೆ ಎನ್ನುವುದು ಭಕ್ತರ ಭಾವನೆಯನ್ನು ಕಡೆಗಣಿಸಿದಂತೆ, ಅದನ್ನು ತಂದು ಸಂಗ್ರಹಾಲಯದಲ್ಲಿಡುವುದು ಇನ್ನೂ ತಪ್ಪು ಎಂದು ಹೇಳಬಹುದು. ಎರಡನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕ್ಯಾಂಪಿನಲ್ಲಿ ತಿರುಗುತ್ತಿರುವುದನ್ನು ಕಿತ್ತು ತರಬೇಕಾದ ಅಗತ್ಯವೇ ಇಲ್ಲ. ಮೊದಲನೆಯದನ್ನು ಒಪ್ಪಲಾರೆ. ಬೇಲೂರಿನ ಮದನಿಕೆಯೂ ಪೂಜೆಯ ಗುಡಿಯ ಭಾಗ, ಅದನ್ನು ಕಲೆ ಎನ್ನಲು ನಾವು ಹಿಂಜರಿಯುವುದಿಲ್ಲ. ಇಲ್ಲಿ ನನಗೆ ಬೇಕಾದದ್ದು ಚಕ್ರವಲ್ಲ, ಅದನ್ನು ನೋಡಿಕೊಳ್ಳುವ ರೀತಿ. ಸಾವಿರಾರು ಕೈಗಳು ಮುಟ್ಟುವ ಆ ಚಕ್ರಗಳಿಗೆ ‘ಮುಟ್ಟಬಾರದು’ ಎಂಬ ಫಲಕವಿಲ್ಲ. ಕೈ ತಾಗುವಲ್ಲಿ ಬಣ್ಣ ಹೋಗಿ ಲೋಹ ಹೊಳೆಯುತ್ತದೆ. ಬಣ್ಣವನ್ನು ಮತ್ತೆ ಬಳಿಯಬಹುದು, ಅಚ್ಚು ಸವೆದರೆ ಬೇರೆ ಹಾಕಬಹುದು. ಚಕ್ರ ನಿಂತರೆ ಮಾತ್ರ ಅದು ಕೆಟ್ಟಿತು ಎಂದರ್ಥ. ಅದೇ ಮಠಗಳ ಭಿಕ್ಷುಗಳು ರಚಿಸುವ ಮರಳಿನ ಮಂಡಲ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚಕ್‌ಪುರ್ ಎಂಬ ಉದ್ದನೆಯ ಲೋಹದ ಕೊಳವೆ, ತುದಿಗೆ ಬರಬರುತ್ತ ಸಣ್ಣದಾಗುತ್ತದೆ, ಬೆನ್ನ ಮೇಲೆ ಗರಗಸದಂತೆ ಗೀರುಗಳು. ಬಣ್ಣದ ಮರಳು ತುಂಬಿ ಇನ್ನೊಂದು ಸರಳಿನಿಂದ ಗೀರುಗಳ ಮೇಲೆ ಉಜ್ಜಿದರೆ ಕೊಳವೆ ನಡುಗುತ್ತದೆ, ನಡುಕಕ್ಕೆ ಮರಳು ನೀರಿನಂತೆ ಹರಿಯುತ್ತದೆ. ಮೆಲ್ಲಗೆ ಉಜ್ಜಿದರೆ ಕೆಲವೇ ಕಣ, ಬಿರುಸಾಗಿ ಉಜ್ಜಿದರೆ ಒಂದು ಗೆರೆ. ನಾಲ್ಕಾರು ಜನ ಕೂತು ನಡುವಿನಿಂದ ಹೊರಕ್ಕೆ ದಿನಗಟ್ಟಲೆ ಹೀಗೆ ಬರೆದ ಚಿತ್ರವನ್ನು ಮುಗಿದ ಮೇಲೆ ಅಂಚಿನಿಂದ ನಡುವಿಗೆ ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ಮರಳು ಹೋಗುತ್ತದೆ, ಅಳತೆ ಬಲ್ಲ ಕೈ ಮಠದಲ್ಲಿ ಉಳಿಯುತ್ತದೆ. ಟಾಂಗ್ಲಿ 1960ರ ಮಾರ್ಚ್ 17ರಂದು ನ್ಯೂಯಾರ್ಕಿನ ಮ್ಯೂಸಿಯಂ ಒಂದರ ಅಂಗಳದಲ್ಲಿ ತನ್ನನ್ನು ತಾನೇ ನಾಶಮಾಡಿಕೊಳ್ಳುವ ಯಂತ್ರವನ್ನು ಓಡಿಸಿದಾಗ ಅದು ಅರ್ಧ ಗಂಟೆಯೂ ನಡೆಯಲಿಲ್ಲ, ಬೆಂಕಿ ಆರಿಸುವವರು ಬರಬೇಕಾಯಿತು. ಕಲಾಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಭಾರೀ ಜಾಗ. ಮಂಡಲದವರಿಗೆ ಬೆಂಕಿಯಾಳುಗಳ ಅಗತ್ಯ ಬಿದ್ದದ್ದಿಲ್ಲ.

ನಮ್ಮ ಕಡೆಯ ತೇರಿಗೆ ಬಂದರೆ ಈ ರೂಢಿ ಇನ್ನೂ ಸ್ಪಷ್ಟವಾಗುತ್ತದೆ. ಜೋಯಿಡಾ ತಾಲ್ಲೂಕಿನ ಉಳವಿಗೆ, ಚನ್ನಬಸವಣ್ಣನವರ ಸಮಾಧಿಯ ಜಾತ್ರೆಗೆ, ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಕಾಡಿನ ದಾರಿ ಹಿಡಿದು ಬರುತ್ತಾರೆ. ಕೊಲ್ಲಾರಿ ಕಟ್ಟಿದ ಗಾಡಿ, ಜೂಲು ಹೊದ್ದ ಎತ್ತು, ಕೊರಳಿನ ಗೆಜ್ಜೆಸರ, ಅಚ್ಚಿಗೆ ಹಚ್ಚಿದ ಕೀಲೆಣ್ಣೆ. ಉಳವಿಯ ಹೆಸರು ಬಂದ ಮೇಲೆ, ನಿಂತದ್ದಕ್ಕೆ ಅಳಿವುಂಟು, ಚಲಿಸುವುದಕ್ಕೆ ಅಳಿವಿಲ್ಲ ಎನ್ನುವ ಶರಣರ ಸ್ಥಾವರ ಜಂಗಮದ ಮಾತು ನಾಲಗೆಯ ತುದಿಗೆ ಬರುತ್ತದೆ. ಅದನ್ನು ಇಲ್ಲಿಗೆ ಎಳೆದು ತರಬಾರದು. ಶರಣರು ಹೇಳಿದ್ದು ದೇವರ ವಿಚಾರ. ನಾವು ಮಾತಾಡುತ್ತಿರುವ ಮರ ಕಬ್ಬಿಣದ ಲೋಕದಲ್ಲಿ ಚಲಿಸುವುದೇ ಮೊದಲು ಸವೆಯುತ್ತದೆ. ಆ ಸವೆತವನ್ನು ತೇರಿನವರು ಹೇಗೆ ನಿಭಾಯಿಸುತ್ತಾರೆ ಎಂಬುದು ನೋಡತಕ್ಕದ್ದು. ಕನ್ನಡ ನಾಡಿನ ದೊಡ್ಡ ತೇರುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ. ಕೆಳಗಿನದು ಕೆತ್ತನೆಯ ಮರದ ಅಡಿ, ತಲೆಮಾರುಗಳ ಕಾಲ ಬಾಳುತ್ತದೆ, ಅದರ ಪಟ್ಟಿಕೆಗಳಲ್ಲಿ ದೇವತೆ, ಮಿಥುನ, ಮೃಗ, ಬಳ್ಳಿ. ಮೇಲಿನದು ಬಿದಿರು, ಹಗ್ಗ, ಬಟ್ಟೆ, ಬಾವುಟ, ಕಳಸ. ಅದನ್ನು ಜಾತ್ರೆಗೆ ಮುನ್ನ ಕಟ್ಟುತ್ತಾರೆ, ಜಾತ್ರೆ ಮುಗಿದ ಮೇಲೆ ಬಿಚ್ಚುತ್ತಾರೆ. ಗಾಲಿಗಳು ಇವೆರಡರ ನಡುವಿನ ಲೆಕ್ಕ: ಬಿರುಕು ಬಿಟ್ಟರೆ ಹೊಸದು. ತೇರು ಸಾಗುವಾಗ ಗಾಲಿಯ ಮುಂದೆ ಸನ್ನೆ ಕೊಡುವವರನ್ನು ನೋಡಿ. ಸಾವಿರ ಜನ ಹಗ್ಗ ಎಳೆಯುವಾಗ ತೇರಿನ ದಿಕ್ಕು, ವೇಗ ಇರುವುದು ಗಾಲಿಯ ಕೆಳಗೆ ಮರದ ತುಂಡು ಒಡ್ಡಿ ಚಕ್ಕನೆ ಕೈ ತೆಗೆಯುವ ಆ ನಾಲ್ಕು ಜನರ ಕೈಯಲ್ಲಿ. ಆ ಕಸುಬು ಪುಸ್ತಕದಿಂದ ಬಂದದ್ದಲ್ಲ, ಅಪ್ಪನ ಪಕ್ಕ ನಿಂತು ಬಂದದ್ದು. ತೇರು ನಿಂತ ವರ್ಷಗಳಲ್ಲಿ ಮರ ಉಳಿಯಬಹುದು, ಸನ್ನೆಯ ಕೈ ಉಳಿಯುವುದಿಲ್ಲ.

ಸಂಗ್ರಹಾಲಯದ ಕೆಲಸ ಬಲ್ಲವರು ಇಲ್ಲಿ ತಡೆಯುತ್ತಾರೆ. ಗಾಲಿ ಬದಲಿಸಿದರೆ ತೇರು ತೇರೇ, ಗಾಬೊನ ಸರಳನ್ನು ಬದಲಿಸಿದರೆ ಅದು ಗಾಬೊನದಾಗಿ ಉಳಿಯುತ್ತದೆಯೇ? ಒಬ್ಬ ಕಲಾವಿದನ ಕೈ ತಾಗಿದ ವಸ್ತುವಿಗೆ ಬದಲಿ ಇಲ್ಲ. ಓಡಿಸಿದರೆ ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಇದು ಈ ಚರ್ಚೆಯ ಅತ್ಯಂತ ಬಲವಾದ ಆಕ್ಷೇಪ, ಅದಕ್ಕೆ ಪೂರ್ಣ ಉತ್ತರ ಯಾರ ಬಳಿಯೂ ಇಲ್ಲ. ಆದರೆ ದೊಡ್ಡ ಸಂಗ್ರಹಾಲಯಗಳೇ ಅರಿವಿದ್ದೋ ಇಲ್ಲದೆಯೋ ತೇರಿನವರ ದಾರಿಗೆ ಬಂದಿವೆ. ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿ ಗಾಬೊನ ಆ ಕೃತಿಯ ಮೂಲವಿದೆ, 1985ರಲ್ಲಿ ಮಾಡಿಸಿದ ಪ್ರತಿಕೃತಿಯೂ ಇದೆ. ನಡುಗುವ ಕೆಲಸ ಪ್ರತಿಕೃತಿಯ ಪಾಲಿಗೆ ಬಂದರೆ ಮೂಲಕ್ಕೆ ವಿಶ್ರಾಂತಿ. ಬಾಸೆಲ್ಲಿನಲ್ಲಿ ಟಾಂಗ್ಲಿಯ ಯಂತ್ರಗಳಿಗೆ ಗುಂಡಿ ಇಟ್ಟಿದ್ದಾರೆ. ಒತ್ತಿದರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಮತ್ತೆ ಓಡಬೇಕಾದರೆ ಕಾಯಬೇಕು. ಇನ್ನೊಂದು ಮಾತನ್ನೂ ಸೇರಿಸಬೇಕು: ನಿಲ್ಲಿಸಿದರೆ ಯಂತ್ರ ಉಳಿಯುತ್ತದೆ ಎಂಬುದೇ ಅರ್ಧ ಸತ್ಯ. ನಿಂತ ಯಂತ್ರದ ಎಣ್ಣೆ ಗಟ್ಟಿಯಾಗುತ್ತದೆ, ತಿದಿಯ ಚರ್ಮ ಒಣಗಿ ಬಿರಿಯುತ್ತದೆ, ರಬ್ಬರಿನ ಪಟ್ಟಿ ಒಂದೇ ಕಡೆ ಮಡಚಿಕೊಂಡು ಸೀಳುತ್ತದೆ. ಜೋಯಿಡಾದಂಥ ಮಳೆಯ ಊರಿನಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿರುಗದೆ ನಿಂತ ಕಬ್ಬಿಣದ ಅಚ್ಚು ತುಕ್ಕಿಗೆ ತುತ್ತು. ತೋಟದ ಮನೆಯಲ್ಲಿ ಮಳೆಗಾಲವಿಡೀ ಬಳಸದೆ ಬಿಟ್ಟ ಪಂಪ್‌ಸೆಟ್ಟಿನ ಗತಿ ಏನಾಗುತ್ತದೆಂದು ಇಲ್ಲಿಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಓಡಿಸಿದರೆ ಸವೆತ, ಓಡಿಸದಿದ್ದರೆ ತುಕ್ಕು. ಆಯ್ಕೆ ಇರುವುದು ಈ ಎರಡರ ನಡುವೆ. ಸವೆತದ ಹಾನಿಯನ್ನು ಅಳೆಯಬಹುದು, ಸರಿಪಡಿಸಬಹುದು ಎಂಬ ಕಾರಣಕ್ಕೆ ನನ್ನ ಒಲವು ಸವೆತದ ಕಡೆಗೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1965ರಲ್ಲಿ ಮೊದಲ ಗ್ಯಾಲರಿ ತೆರೆದಾಗಿನಿಂದ ಶಾಲಾ ಮಕ್ಕಳ ಕೈಗೆ ಗುಂಡಿ, ಹಿಡಿಕೆ, ಸನ್ನೆಕೋಲುಗಳನ್ನು ಕೊಡುತ್ತ ಬಂದಿದೆ. ಮುರಿಯುತ್ತವೆ ಎಂದು ಮೊದಲೇ ಗೊತ್ತಿರುವುದರಿಂದ ಅಲ್ಲಿ ಕಾರ್ಯಾಗಾರವೂ ಸಂಗ್ರಹಾಲಯದ ಅಂಗವೇ. ವಿಜ್ಞಾನಕ್ಕೆ ಸಲ್ಲುವ ಈ ಧೈರ್ಯ ಕಲೆಗೆ ಏಕೆ ಸಲ್ಲಬಾರದು?

ಇನ್ನೊಂದು ಆಕ್ಷೇಪ ಹೊಸ ಕಾಲದ್ದು. ಇಷ್ಟೆಲ್ಲ ಯಾಕೆ, ಒಮ್ಮೆ ಓಡಿಸಿ ವಿಡಿಯೊ ಮಾಡಿಟ್ಟರೆ ಆಯಿತು, ಮೊಬೈಲಿನಲ್ಲಿ ಎಲ್ಲರೂ ನೋಡುತ್ತಾರೆ ಎನ್ನುವವರಿದ್ದಾರೆ. ಬಾನುಲಿಯಲ್ಲಿ ಕೂತು ಇದಕ್ಕೆ ಉತ್ತರ ಕೊಡುವುದು ಸ್ವಲ್ಪ ತಮಾಷೆಯ ಸಂಗತಿಯೇ. ಚಲನೆಯನ್ನು ತೋರಿಸಲು ಕಣ್ಣೇ ಇಲ್ಲದ ಮಾಧ್ಯಮ ಇದು. ವಿಡಿಯೊ ಉಪಯುಕ್ತ, ಟಿಪ್ಪುವಿನ ಹುಲಿಯ ಕೂಗು ನಮ್ಮ ಕಿವಿಗೆ ಬೀಳುವುದು ಅದರಿಂದಲೇ. ಆದರೆ ಚಿತ್ರದಲ್ಲಿ ಎಲ್ಲ ಚಕ್ರಗಳ ತೂಕವೂ ಒಂದೇ. ದೊಡ್ಡ ಮಣಿಚಕ್ರ ಮೊದಲ ಎಳೆತಕ್ಕೆ ಹೂಂಗುಟ್ಟದೆ ನಿಂತದ್ದು, ಕೈಗೆ ಭಾರ ಬಂದದ್ದು, ಆಮೇಲೆ ಆ ಭಾರವೇ ಜೊತೆಗೂಡಿ ಎಳೆದದ್ದು, ಇದನ್ನು ಯಾವ ಪರದೆಯೂ ಕೊಡುವುದಿಲ್ಲ. ಚಲನಕಲೆಯ ಅನುಭವದಲ್ಲಿ ದೊಡ್ಡ ಪಾಲು ನಾವು ಮಾಡಿದ ಕೆಲಸಕ್ಕೂ ವಸ್ತು ಕೊಟ್ಟ ಉತ್ತರಕ್ಕೂ ನಡುವಿನ ಸಣ್ಣ ತಡದಲ್ಲಿ ಅಡಗಿದೆ. ಇದು ಮಕ್ಕಳಾಟ, ಆಟಿಕೆಯ ಆಕರ್ಷಣೆ, ಕಲೆಯ ಗಾಂಭೀರ್ಯ ಇದಕ್ಕಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಅದಕ್ಕೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ತಾಳ ಲಯಗಳನ್ನು ಸಂಗೀತದ ಬೆನ್ನೆಲುಬು ಎಂದು ಒಪ್ಪುವ ನಾಡು ಕಣ್ಣಿಗೆ ಕಾಣುವ ಲಯವನ್ನು ಆಟಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದವರ ಡಮಾಮಿ ಎಂಬ ಚರ್ಮವಾದ್ಯವನ್ನೇ ತೆಗೆದುಕೊಳ್ಳಿ. ಗೋಡೆಗೆ ತೂಗುಹಾಕಿದ ಡಮಾಮಿ ಮರ ಮತ್ತು ಚರ್ಮ. ಬಾರಿಸುವಾಗಿನ ಕುಣಿತದಿಂದ ಅದನ್ನು ಬೇರ್ಪಡಿಸಿ ಗಂಭೀರ ಕಲೆಯನ್ನಾಗಿ ಮಾಡಲು ಹೋದರೆ ಕೈಗೆ ಸಿಗುವುದು ಸಾಮಾನು.

ಇನ್ನು ಸಂಗ್ರಹಾಲಯ ಚಿಕ್ಕದಾಗಿಯೇ ಇರಬೇಕು ಎಂಬ ಮಾತು. ಚಲಿಸುವ ಹತ್ತು ವಸ್ತುಗಳನ್ನು ಒಂದೇ ಅಂಗಳದಲ್ಲಿ ಒಟ್ಟಿಗೆ ಬಿಟ್ಟರೆ ಒಂದರ ಸದ್ದು ಇನ್ನೊಂದನ್ನು ನುಂಗುತ್ತದೆ, ಕಣ್ಣು ಯಾವುದರ ಮೇಲೂ ನಿಲ್ಲದೆ ದಣಿಯುತ್ತದೆ. ಶರ್ಮಾಂಕಾದಲ್ಲಿ ಒಂದಾದ ಮೇಲೊಂದು ಓಡಿಸುವುದರ ಹಿಂದೆ ಈ ಅನುಕೂಲವೂ ಇದೆ. ನೋಡಲು ಬರುವವರು ಯಾರು ಎಂದು ಕೇಳುವವರಿಗೆ ದಾಂಡೇಲಿಯ ರಸ್ತೆಯನ್ನು ತೋರಿಸಬಹುದು. ವಾರಾಂತ್ಯದಲ್ಲಿ ಅಲ್ಲಿಗೆ ಬರುವ ಜನ ಕಾಳಿ ನದಿಯಲ್ಲಿ ತೆಪ್ಪದ ಸಾಹಸಕ್ಕೆ ಬರುತ್ತಾರೆ. ಆ ರಭಸದ ನೀರೂ ತನ್ನ ಇಷ್ಟದಂತೆ ಹರಿಯುವುದಲ್ಲ. ಹಳೆಯ ಸೂಪಾ ಊರನ್ನು ಮುಳುಗಿಸಿದ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹೊಳೆ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ, ತೆಪ್ಪದವರು ಆ ವೇಳೆ ನೋಡಿಕೊಂಡು ಹೊರಡುತ್ತಾರೆ. ಒಂದು ಇಡೀ ನದಿಗೆ ಗುಂಡಿ ಇಟ್ಟು ಓಡಿಸುತ್ತಿರುವ ಸೀಮೆ ಇದು. ಅದರ ಬೆಲೆಯನ್ನು ತೆತ್ತವರು ಸೂಪಾದವರು ಎಂಬುದನ್ನು ಪ್ರವಾಸದ ಜಾಹೀರಾತುಗಳು ಹೇಳುವುದಿಲ್ಲ. ಚಲನೆಯ ಸಂಗ್ರಹಾಲಯ ಇಲ್ಲಿ ಎದ್ದರೆ ಅದರಲ್ಲಿ ಈ ಕಥೆಗೂ ಒಂದು ಗೋಡೆ ಬೇಕು.

ಹಣದ ಪ್ರಶ್ನೆ ಉಳಿಯಿತು. ಕಟ್ಟಡಕ್ಕೆ ಅನುದಾನ ಸಿಗುವುದು ಸುಲಭ, ಉದ್ಘಾಟನೆಯ ಕಲ್ಲು ಸಿಗುವುದು ಇನ್ನೂ ಸುಲಭ. ಐದನೆಯ ವರ್ಷ ಅಚ್ಚಿಗೆ ಎಣ್ಣೆ ಹಾಕುವವನ ಸಂಬಳಕ್ಕೆ ಯಾವ ಬಾಬ್ತೂ ಇರುವುದಿಲ್ಲ. ಈ ಅನುಮಾನ ನ್ಯಾಯವಾದದ್ದು. ಆದ್ದರಿಂದಲೇ ಕಟ್ಟಡದಿಂದ ಆರಂಭಿಸಬಾರದು. ಹಳಿಯಾಳದಲ್ಲಿಯೋ ದಾಂಡೇಲಿಯಲ್ಲಿಯೋ ಹಂಚು ಹೊದಿಸಿದ ಒಂದು ಹಳೆಯ ಚಾವಡಿ ಸಾಕು. ತೊಗಲುಗೊಂಬೆಯ ಒಂದು ಪರದೆ, ಭಕ್ತರ ಕಣ್ಣೆದುರಿನ ಚಕ್ರಗಳನ್ನು ಮುಟ್ಟದೆ ಟಿಬೆಟಿಯನ್ ಕುಶಲಿಗರ ಒಪ್ಪಿಗೆಯಿಂದ ಹೊಸದಾಗಿ ಮಾಡಿಸಿದ ನೀರಿನ ಚಕ್ರವೊಂದು, ಬಿಚ್ಚಿ ಕೂಡಿಸಿ ತೋರಿಸಬಹುದಾದ ಚಕ್ಕಡಿಯ ಗಾಲಿ, ಗಾಬೊನ ಸರಳಿನ ತತ್ವವನ್ನು ತೋರಿಸುವ ಒಂದು ಕರೆಗಂಟೆ, ಇಷ್ಟರಿಂದ ಕೆಲಸ ಹಿಡಿಯಬಹುದು. ತೇಗದ ಮರ ಈ ಕಾಡಿನದು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಹುಟ್ಟಿಕೊಂಡಾಗಿನಿಂದ ದಾಂಡೇಲಿ ಯಂತ್ರಗಳ ಊರು. ಹಗಲಿರುಳು ತಿರುಗುವ ಉರುಳೆಗಳ ಸದ್ದಿನಲ್ಲಿ ಏನು ಕೆಟ್ಟಿದೆ ಎಂದು ಕಿವಿಗೊಟ್ಟು ಹೇಳಬಲ್ಲ ನಿವೃತ್ತ ಫಿಟ್ಟರುಗಳು ಇಂಥ ಊರಿನ ಓಣಿಗಳಲ್ಲಿ ಸಿಗುತ್ತಾರೆ. ಮೊದಲ ಹುದ್ದೆಯನ್ನು ಅವರಲ್ಲೊಬ್ಬರಿಗೆ, ಎರಡನೆಯದನ್ನು ತೇರಿನ ಕೆಲಸ ಬಲ್ಲ ಬಡಗಿಗೆ ಕೊಡಬೇಕು. ಕಲಾಚರಿತ್ರೆ ಓದಿದ ಕ್ಯುರೇಟರ್ ಎರಡು ವರ್ಷ ತಡವಾಗಿ ಬಂದರೂ ಏನೂ ಕೆಡುವುದಿಲ್ಲ.